ಗಡಿ ತಾಲ್ಲೂಕುಗಳಲ್ಲಿ ಮೊಬೈಲ್ ಸಂಪರ್ಕ: ಮಾರ್ಗ ಬದಲಾದಾಗ ಸೇವೆ ಕಡಿಯುವುದೇಕೆ?

ಚಾಮರಾಜನಗರ – ಗುಂಡ್ಲುಪೇಟೆ ಪ್ರದೇಶದ ಹಿನ್ನೆಲೆಯಲ್ಲಿ ಒಂದು ವಿಶ್ಲೇಷಣೆ

ಪೀಠಿಕೆ

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಚಾಮರಾಜನಗರ ಜಿಲ್ಲೆಯು ಕರ್ನಾಟಕದ ದಕ್ಷಿಣ ತುದಿಯಲ್ಲಿದ್ದು, ಕೇರಳ ಮತ್ತು ತಮಿಳುನಾಡು ರಾಜ್ಯಗಳೆರಡರೊಂದಿಗೂ ಗಡಿಯನ್ನು ಹಂಚಿಕೊಂಡಿದೆ. ಬಂಡೀಪುರ, ಬಿಳಿಗಿರಿರಂಗನಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಅರಣ್ಯಗಳು ಜಿಲ್ಲೆಯ ವಿಸ್ತಾರವಾದ ಭಾಗವನ್ನು ಆವರಿಸಿವೆ. ಗುಂಡ್ಲುಪೇಟೆ ಪಟ್ಟಣವು ವಯನಾಡಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 766 ಹಾಗೂ ಊಟಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 181 ಕೂಡುವ ಸ್ಥಳವಾಗಿದೆ. ಚಾಮರಾಜನಗರ ಪಟ್ಟಣವು ಪುಣಜನೂರು ಮಾರ್ಗವಾಗಿ ಸತ್ಯಮಂಗಲವನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 948ರ ಮೇಲಿದೆ.

ಪಡಿತರ ವಿತರಣೆ, ಪಹಣಿ ಪತ್ರ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಬ್ಯಾಂಕ್ ವ್ಯವಹಾರ, ತುರ್ತು ವಾಹನದ ಕರೆ ಮುಂತಾದ ಸೇವೆಗಳು ಇಂದು ದೂರಸಂಪರ್ಕ ಜಾಲವನ್ನೇ ಅವಲಂಬಿಸಿವೆ. ಇಂತಹ ಸೇವೆಯು ಅರ್ಧಕ್ಕೆ ನಿಂತಾಗ ಗ್ರಾಮಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು "ಸರ್ವರ್ ಇಲ್ಲ" ಎಂಬುದು. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಸರ್ವರ್ ಕಾರ್ಯನಿರತವಾಗಿಯೇ ಇರುತ್ತದೆ. ಮೊಬೈಲಿನ ಪರದೆಯ ಮೇಲೆ ಸಿಗ್ನಲ್ ಗೆರೆಗಳೂ ಕಾಣುತ್ತಿರುತ್ತವೆ. ಕಡಿದಿರುವುದು ಇವೆರಡರ ನಡುವಣ ಒಪ್ಪಂದ ಮಾತ್ರ. ಆ ಒಪ್ಪಂದವು ಹೇಗೆ ಏರ್ಪಡುತ್ತದೆ, ಗಡಿ ಮತ್ತು ಅರಣ್ಯ ಪ್ರದೇಶದಲ್ಲಿ ಅದು ಏಕೆ ಸುಲಭವಾಗಿ ಮುರಿಯುತ್ತದೆ, ಎರಡನೆಯ ಮಾರ್ಗವನ್ನು ಒದಗಿಸಿದರೆ ತೊಂದರೆ ನೀಗುವುದೇ ಎಂಬ ಅಂಶಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸಂಕೇತ ವಿನಿಮಯ ಎಂದರೇನು?

ದೂರಸಂಪರ್ಕ ಜಾಲದಲ್ಲಿ ಎರಡು ಬಗೆಯ ಸಂಚಾರವಿರುತ್ತದೆ. ಮಾತು, ಚಿತ್ರ, ಬೆರಳಚ್ಚಿನ ಮಾಹಿತಿ ಮುಂತಾದವು ಮೊದಲನೆಯದು. ಇವುಗಳಿಗೆ ದಾರಿ ಮಾಡಿಕೊಡುವ ಸಲುವಾಗಿ ಉಪಕರಣಗಳು ತಮ್ಮತಮ್ಮಲ್ಲಿ ನಡೆಸುವ ಮಾತುಕತೆ ಎರಡನೆಯದು. "ಈ ಮೊಬೈಲ್ ಯಾರದು, ಈಗ ಯಾವ ಟವರಿನ ವ್ಯಾಪ್ತಿಯಲ್ಲಿದೆ, ಇದಕ್ಕೆ ಸೇವೆ ನೀಡಬಹುದೇ, ಮುಂದಿನ ಟವರು ಇದನ್ನು ವಹಿಸಿಕೊಳ್ಳಲು ಸಿದ್ಧವಿದೆಯೇ" ಎಂಬ ಪ್ರಶ್ನೆಗಳು ಈ ಮಾತುಕತೆಯಲ್ಲಿ ಇತ್ಯರ್ಥವಾಗುತ್ತವೆ. ಇದನ್ನೇ ಸಂಕೇತ ವಿನಿಮಯ ಅಥವಾ ಸಿಗ್ನಲಿಂಗ್ ಎನ್ನಲಾಗುತ್ತದೆ. ಈ ಮಾತುಕತೆಯ ಕ್ರಮವನ್ನು ನಿಗದಿಪಡಿಸುವ ನಿಯಮಾವಳಿಗೆ ಪ್ರೋಟೋಕಾಲ್ ಎಂದು ಹೆಸರು.

ಊರು ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸವನ್ನು ತಿಳಿಸಿದರೆ ಮಾತ್ರ ಪತ್ರಗಳು ಕೈಸೇರುವಂತೆ, ಮೊಬೈಲ್ ಕೂಡ ಒಂದು ಪ್ರದೇಶದಿಂದ ಇನ್ನೊಂದಕ್ಕೆ ಹೋದಾಗ ತಾನಿರುವ ಸ್ಥಳವನ್ನು ಜಾಲಕ್ಕೆ ವರದಿ ಮಾಡಬೇಕಾಗುತ್ತದೆ. ಈ ವರದಿಯು ವಿಳಂಬವಾದರೆ ಟವರು ಎದುರಿಗೇ ಇದ್ದರೂ ಸೇವೆ ದೊರೆಯುವುದಿಲ್ಲ. ಬೆರಳಚ್ಚು ದೃಢೀಕರಣಕ್ಕೆ ಬೇಕಾಗುವ ಮಾಹಿತಿಯು ಕೆಲವೇ ಕಿಲೋಬೈಟ್‌ಗಳಷ್ಟಿರುತ್ತದೆ. ಆದ್ದರಿಂದ ಇಲ್ಲಿ ಜಾಲದ ವೇಗಕ್ಕಿಂತಲೂ ಸಂಕೇತ ವಿನಿಮಯವು ಅಡಚಣೆಯಿಲ್ಲದೆ ಪೂರ್ಣಗೊಳ್ಳುವುದೇ ಮುಖ್ಯವೆನಿಸುತ್ತದೆ.

ಮೂರು ವಲಯಗಳು ಕೂಡುವ ಗಡಿ

ದೂರಸಂಪರ್ಕ ಪರವಾನಗಿಯ ಉದ್ದೇಶಕ್ಕಾಗಿ ದೇಶವನ್ನು 22 ಸೇವಾ ವಲಯಗಳನ್ನಾಗಿ ವಿಂಗಡಿಸಲಾಗಿದೆ. ಕರ್ನಾಟಕ, ಕೇರಳ ಮತ್ತು ತಮಿಳುನಾಡು ಪ್ರತ್ಯೇಕ ವಲಯಗಳಾಗಿವೆ. ಒಂದೇ ಕಂಪನಿಯು ಮೂರೂ ಕಡೆ ಸೇವೆ ಒದಗಿಸುತ್ತಿದ್ದರೂ ಪ್ರತಿ ವಲಯದ ಜಾಲಕ್ಕೆ ಸಾಮಾನ್ಯವಾಗಿ ಬೇರೆಯೇ ಗುರುತಿನ ಸಂಖ್ಯೆ ಇರುತ್ತದೆ. ಹೆದ್ದಾರಿ 766ರಲ್ಲಿ ಮದ್ದೂರನ್ನು ದಾಟಿ ಮೂಲೆಹೊಳೆಯ ಕಡೆಗೆ ಸಾಗುವ ವಾಹನದಲ್ಲಿರುವ ಮೊಬೈಲ್ ಕರ್ನಾಟಕ ವಲಯವನ್ನು ಬಿಟ್ಟು ಕೇರಳ ವಲಯವನ್ನು ಪ್ರವೇಶಿಸುತ್ತದೆ. ಹೆದ್ದಾರಿ 181ರಲ್ಲಿ ಕೆಕ್ಕನಹಳ್ಳದ ಬಳಿ, ಹೆದ್ದಾರಿ 948ರಲ್ಲಿ ಪುಣಜನೂರಿನ ಆಚೆ ಅದು ತಮಿಳುನಾಡು ವಲಯದ ಪಾಲಾಗುತ್ತದೆ.

ಒಂದೇ ಜಾಲದ ಎರಡು ಟವರುಗಳ ನಡುವೆ ಕರೆಯನ್ನು ಹಸ್ತಾಂತರಿಸುವಾಗ, ಮುಂದಿನ ಟವರಿಗೆ ಮುಂಚಿತವಾಗಿಯೇ ಸೂಚನೆ ತಲುಪಿರುತ್ತದೆ. ಎರಡು ವಲಯಗಳ ಜಾಲಗಳ ನಡುವೆ ಇಂತಹ ಪೂರ್ವ ಹೊಂದಾಣಿಕೆ ಇಲ್ಲದಿದ್ದಲ್ಲಿ ಹಳೆಯ ಸಂಪರ್ಕವು ಕಡಿದು, ಮೊಬೈಲ್ ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ನೋಂದಣಿಗೆ ಮುನ್ನ ಹೊಸ ಜಾಲವು ಗ್ರಾಹಕರ ಮೂಲ ಜಾಲವನ್ನು ವಿಚಾರಿಸಿ ಒಪ್ಪಿಗೆ ಪಡೆಯುತ್ತದೆ. ಅಷ್ಟರಲ್ಲಿ ಮಾತು ನಿಂತಿರುತ್ತದೆ. ಅರ್ಧದಲ್ಲಿದ್ದ ವ್ಯವಹಾರವೂ ನಿಂತಿರುತ್ತದೆ.

ಗಡಿಯಂಚಿನ ಗ್ರಾಮಗಳಲ್ಲಿ ಮೊಬೈಲ್ ಹಿಡಿದವರು ಕುಳಿತಲ್ಲೇ ಕುಳಿತಿದ್ದರೂ ಈ ತೊಂದರೆ ತಪ್ಪುವುದಿಲ್ಲ. ಬೆಟ್ಟದ ತಪ್ಪಲಿನಲ್ಲಿ ಎರಡು ರಾಜ್ಯಗಳ ಟವರುಗಳ ಸಂಕೇತವು ಹೆಚ್ಚುಕಡಿಮೆ ಸಮನಾಗಿ ದೊರೆಯುವ ಸ್ಥಳಗಳಿರುತ್ತವೆ. ಅಲ್ಲಿ ಮೊಬೈಲ್ ಒಮ್ಮೆ ಇತ್ತ, ಒಮ್ಮೆ ಅತ್ತ ವಾಲುತ್ತಿರುತ್ತದೆ. ಒಮ್ಮೆ ನೆರೆ ವಲಯದ ಜಾಲಕ್ಕೆ ಸೇರಿದ ಮೊಬೈಲ್, ಆ ಜಾಲವನ್ನು ತನ್ನದಕ್ಕೆ ಸಮಾನವೆಂದು ಪರಿಗಣಿಸುವ ಸೂಚನೆ ಇಲ್ಲದಿದ್ದಲ್ಲಿ, ನಿಗದಿತ ಅವಧಿಗೊಮ್ಮೆ ಮೂಲ ಜಾಲವನ್ನು ಹುಡುಕುತ್ತದೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಈ ಅವಧಿಯನ್ನು 6 ನಿಮಿಷದಿಂದ 8 ಗಂಟೆಯವರೆಗೆ ಸಿಮ್ ಕಾರ್ಡಿನಲ್ಲಿ ನಿಗದಿಪಡಿಸಬಹುದಾಗಿದ್ದು, ಯಾವುದೂ ನಮೂದಾಗದಿದ್ದಲ್ಲಿ 60 ನಿಮಿಷವೆಂದು ಪರಿಗಣಿಸಲಾಗುತ್ತದೆ. ಕರ್ನಾಟಕದ ಟವರಿನ ಸಂಕೇತವು ಉತ್ತಮಗೊಂಡ ನಂತರವೂ ಮೊಬೈಲ್ ಬಹಳ ಹೊತ್ತು ನೆರೆ ರಾಜ್ಯದ ದುರ್ಬಲ ಸಂಕೇತಕ್ಕೇ ಅಂಟಿಕೊಂಡಿರಲು ಇದೂ ಒಂದು ಕಾರಣ.

ಒಂದೇ ಬಾರಿಗೆ ಬರುವ ಒತ್ತಡ ಮತ್ತೊಂದು ಅಂಶ. ಪ್ರಯಾಣಿಕರಿಂದ ತುಂಬಿದ ಬಸ್ಸು ಒಂದು ನೋಂದಣಿ ಪ್ರದೇಶದ ಎಲ್ಲೆಯನ್ನು ದಾಟಿದಾಗ ಅದರಲ್ಲಿರುವ ಎಲ್ಲ ಮೊಬೈಲ್‌ಗಳೂ ಬಹುತೇಕ ಅದೇ ಕ್ಷಣದಲ್ಲಿ ಸ್ಥಳ ವರದಿಯನ್ನು ಸಲ್ಲಿಸುತ್ತವೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಯುಗಾದಿ, ದೀಪಾವಳಿ ಹಾಗೂ ಶಿವರಾತ್ರಿ ಜಾತ್ರೆಗಳ ಸಂದರ್ಭದಲ್ಲಿ ಇದು ಹಲವು ಪಟ್ಟು ಹೆಚ್ಚುತ್ತದೆ. ವಿದ್ಯುತ್ ಕಡಿತದಿಂದ ಸ್ಥಗಿತಗೊಂಡ ಟವರು ಮರಳಿ ಚಾಲನೆಗೊಂಡಾಗಲೂ ಇದೇ ಸ್ಥಿತಿ ಉಂಟಾಗುತ್ತದೆ.

ವಿಳಾಸಕ್ಕೆ ಕಟ್ಟಿದ ಗುರುತು

ಈ ಸಮಸ್ಯೆಯ ಮೂಲವು ಅಂತರಜಾಲದ ರಚನೆಯಲ್ಲೇ ಇದೆ. ಅಂತರಜಾಲದ ವಿಳಾಸವು ಉಪಕರಣವು ಜಾಲದ ಯಾವ ಭಾಗದಲ್ಲಿದೆ ಎಂಬುದನ್ನು ಸೂಚಿಸುತ್ತದೆ. ಜೊತೆಗೆ, ಮಾತನಾಡುತ್ತಿರುವವರು ಯಾರು ಎಂಬುದನ್ನು ಗುರುತಿಸಲೂ ಅದೇ ವಿಳಾಸವನ್ನು ಬಳಸುತ್ತ ಬರಲಾಗಿದೆ. ಉಪಕರಣವು ಸ್ಥಿರವಾಗಿದ್ದ ಕಾಲಕ್ಕೆ ಇದರಿಂದ ತೊಂದರೆ ಇರಲಿಲ್ಲ. ಮೊಬೈಲ್ ಜಾಲ ಬದಲಿಸಿದಾಗ ವಿಳಾಸ ಬದಲಾಗುತ್ತದೆ. ವಿಳಾಸದೊಂದಿಗೆ ಗುರುತೂ ಕಳೆದುಹೋಗುತ್ತದೆ.

1997ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಆರ್‌ಎಸ್‌ವಿಪಿ ಎಂಬ ನಿಯಮಾವಳಿ ಇದಕ್ಕೆ ಉತ್ತಮ ನಿದರ್ಶನ. ಮಾಹಿತಿಯು ಸಾಗುವ ದಾರಿಯಲ್ಲಿರುವ ಪ್ರತಿ ರೂಟರಿನಲ್ಲೂ ನಿರ್ದಿಷ್ಟ ಪ್ರಮಾಣದ ಸಾಮರ್ಥ್ಯವನ್ನು ಕಾಯ್ದಿರಿಸುವುದು ಇದರ ಉದ್ದೇಶವಾಗಿತ್ತು. ನಾಲೆಯ ಪ್ರತಿಯೊಂದು ತೂಬಿನಲ್ಲೂ ರೈತರೊಬ್ಬರು ತಮ್ಮ ಪಾಳಿಯನ್ನು ಬರೆಸಿಟ್ಟಂತೆ ಇದು. ಪಾಳಿಯನ್ನು ಆಗಾಗ ನವೀಕರಿಸದಿದ್ದರೆ ಅದು ತಾನಾಗಿಯೇ ರದ್ದಾಗುತ್ತದೆ. ಆದರೆ ಈ ಕಾಯ್ದಿರಿಸುವಿಕೆಯನ್ನು ವಿಳಾಸದ ಆಧಾರದ ಮೇಲೆಯೇ ಗುರುತಿಸಲಾಗುತ್ತಿತ್ತು. ವಿಳಾಸ ಬದಲಾದೊಡನೆ ಎಲ್ಲ ತೂಬುಗಳಲ್ಲೂ ಹೊಸದಾಗಿ ಪಾಳಿ ಬರೆಸಬೇಕು. ಹಳೆಯ ಪಾಳಿಯು ಅವಧಿ ಮುಗಿಯುವವರೆಗೂ ಯಾರಿಗೂ ಉಪಯೋಗವಿಲ್ಲದೆ ಉಳಿಯುತ್ತದೆ.

ಇದಕ್ಕೆ ಪರಿಹಾರವಾಗಿ 2010ರ ಅಕ್ಟೋಬರ್‌ನಲ್ಲಿ ಜಿಐಎಸ್‌ಟಿ ಎಂಬ ನಿಯಮಾವಳಿಯನ್ನೂ, 2011ರಲ್ಲಿ ಸಂಚಾರಿ ಉಪಕರಣಗಳಿಗೆ ಅದನ್ನು ಅನ್ವಯಿಸುವ ಕ್ರಮವನ್ನೂ ಅಂತರಜಾಲ ಮಾನಕ ಸಂಸ್ಥೆಯಾದ ಐಇಟಿಎಫ್ ಪ್ರಕಟಿಸಿತು. ಇದರಲ್ಲಿ ಪ್ರತಿ ವ್ಯವಹಾರಕ್ಕೂ ವಿಳಾಸವನ್ನು ಅವಲಂಬಿಸದ ಪ್ರತ್ಯೇಕ ಗುರುತಿನ ಸಂಖ್ಯೆಯನ್ನು ನೀಡಲಾಯಿತು. ಹಳೆಯ ಮತ್ತು ಹೊಸ ದಾರಿಗಳು ಕೂಡುವ ಸ್ಥಳದಲ್ಲಿರುವ ರೂಟರು ಈ ಸಂಖ್ಯೆಯನ್ನು ನೋಡಿ "ಇದು ಹಳೆಯ ವ್ಯವಹಾರವೇ" ಎಂದು ತಿಳಿದುಕೊಳ್ಳುತ್ತದೆ. ಆಗ ಬದಲಾದ ಭಾಗವನ್ನಷ್ಟೇ ಹೊಸದಾಗಿ ಸಿದ್ಧಪಡಿಸಿದರೆ ಸಾಕು.

ಆದರೂ ಎರಡು ತೊಡಕುಗಳು ಉಳಿದವು. ಕಡಿದುಹೋದ ದಾರಿಯಲ್ಲಿರುವ ಹಳೆಯ ಕಾಯ್ದಿರಿಸುವಿಕೆಯನ್ನು ರದ್ದುಪಡಿಸುವ ಸಂದೇಶವನ್ನು ಮೊಬೈಲ್ ಆ ದಾರಿಯಲ್ಲೇ ಕಳುಹಿಸಲು ಸಾಧ್ಯವಿಲ್ಲ. ಎರಡನೆಯದಾಗಿ, ಜಾಲವು ಹೊರೆಯನ್ನು ಹಲವು ದಾರಿಗಳಿಗೆ ಹಂಚುತ್ತಿದ್ದಲ್ಲಿ ಸಂಕೇತವು ಒಂದು ದಾರಿಯಲ್ಲಿ, ಮಾಹಿತಿಯು ಇನ್ನೊಂದು ದಾರಿಯಲ್ಲಿ ಸಾಗಬಹುದು. ಪಾಳಿ ಬರೆಸಿದ್ದು ಒಂದು ನಾಲೆಯಲ್ಲಿ, ನೀರು ಹರಿದದ್ದು ಇನ್ನೊಂದರಲ್ಲಿ ಎಂಬಂತಾಗುತ್ತದೆ. ಪ್ರಾಯೋಗಿಕ ಹಂತದಲ್ಲೇ ಉಳಿದ ಈ ನಿಯಮಾವಳಿ ವ್ಯಾಪಕ ಬಳಕೆಗೆ ಬರಲಿಲ್ಲ. ಆದರೆ ಗುರುತನ್ನು ದಾರಿಗೆ ಕಟ್ಟದೆ ವ್ಯವಹಾರಕ್ಕೆ ಕಟ್ಟಬೇಕು ಎಂಬ ತತ್ವವು ನಂತರದ ನಿಯಮಾವಳಿಗಳಲ್ಲಿಯೂ ಕಂಡುಬರುತ್ತದೆ.

ಬಹುಮಾರ್ಗ ಸಂಪರ್ಕ: ಅನುಕೂಲ ಮತ್ತು ತೊಡಕು

ಒಂದೇ ವ್ಯವಹಾರಕ್ಕೆ ಎರಡು ಅಥವಾ ಹೆಚ್ಚು ದಾರಿಗಳನ್ನು ಬಳಸುವ ವ್ಯವಸ್ಥೆಗೆ ಬಹುಮಾರ್ಗ ಸಂಪರ್ಕ ಎನ್ನಬಹುದು. ಈ ಕೆಳಕಂಡ ಮೂರು ನಿಯಮಾವಳಿಗಳು ಗಮನಾರ್ಹವಾಗಿವೆ.

ಎಸ್‌ಸಿಟಿಪಿ: ದೂರವಾಣಿಯ ಸಂಕೇತಗಳನ್ನು ಅಂತರಜಾಲದ ಮೂಲಕ ಸಾಗಿಸುವ ಸಲುವಾಗಿ 2000ದ ಅಕ್ಟೋಬರ್‌ನಲ್ಲಿ ಇದನ್ನು ರೂಪಿಸಲಾಯಿತು. 4ಜಿ ಮತ್ತು 5ಜಿ ಟವರುಗಳು ಮುಖ್ಯ ಜಾಲದೊಂದಿಗೆ ಸಂಕೇತ ವಿನಿಮಯ ನಡೆಸುವುದು ಇದರ ಮೂಲಕವೇ. ಒಂದು ದಾರಿ ಕಡಿದರೆ ಇನ್ನೊಂದಕ್ಕೆ ತಿರುಗುವ ಸೌಲಭ್ಯ ಇದರಲ್ಲಿದೆ. ಆದರೆ ಮಾನಕದಲ್ಲಿ ಸೂಚಿಸಿರುವ ಮೌಲ್ಯಗಳನ್ನು ಹಾಗೆಯೇ ಉಳಿಸಿಕೊಂಡಲ್ಲಿ, ಒಂದು ದಾರಿಯು ಕಡಿದಿದೆ ಎಂದು ತೀರ್ಮಾನಿಸಲು ಒಂದು ನಿಮಿಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಅಷ್ಟರಲ್ಲಿ ಬೆರಳಚ್ಚು ಯಂತ್ರದ ಕಾಲಮಿತಿ ಮುಗಿದಿರಬಹುದು.

ಮಲ್ಟಿಪಾತ್ ಟಿಸಿಪಿ: 2013ರಲ್ಲಿ ಪ್ರಾಯೋಗಿಕವಾಗಿ ಪ್ರಕಟವಾಗಿ, 2020ರಲ್ಲಿ ಪರಿಷ್ಕೃತಗೊಂಡ ಈ ನಿಯಮಾವಳಿಯು ವೈ-ಫೈ ಮತ್ತು ಮೊಬೈಲ್ ಜಾಲಗಳೆರಡನ್ನೂ ಏಕಕಾಲಕ್ಕೆ ಬಳಸಲು ಅವಕಾಶ ನೀಡುತ್ತದೆ. ಎರಡು ದಾರಿಗಳ ವೇಗದಲ್ಲಿ ಹೆಚ್ಚಿನ ಅಂತರವಿದ್ದಾಗ, ನಿಧಾನ ದಾರಿಯಲ್ಲಿ ಬರಬೇಕಾದ ತುಣುಕಿಗಾಗಿ ಬೇಗ ಬಂದ ತುಣುಕುಗಳು ಕಾಯಬೇಕಾಗುತ್ತದೆ. ನಡುವೆ ಇರುವ ಕೆಲವು ಭದ್ರತಾ ಉಪಕರಣಗಳು ತಮಗೆ ಪರಿಚಯವಿಲ್ಲದ ಸೂಚನೆಗಳನ್ನು ಅಳಿಸಿಹಾಕುವುದರಿಂದ ಸಂಪರ್ಕವು ಸಾಮಾನ್ಯ ಏಕಮಾರ್ಗಕ್ಕೆ ಇಳಿಯುವುದೂ ಉಂಟು. 2020ರಲ್ಲಿ ಪೂರ್ಣಗೊಂಡ 5ಜಿ ಮಾನಕದ 16ನೆಯ ಆವೃತ್ತಿಯಲ್ಲಿ ಮೊಬೈಲ್ ಮತ್ತು ವೈ-ಫೈ ನಡುವೆ ಹೊರೆ ಹಂಚುವ ವ್ಯವಸ್ಥೆಗೂ ಇದನ್ನು ಬಳಸಿಕೊಳ್ಳಲಾಗಿದೆ.

ಕ್ವಿಕ್: 2021ರ ಮೇ ತಿಂಗಳಲ್ಲಿ ಮಾನಕವಾದ ಇದರಲ್ಲಿ ಪ್ರತಿ ಸಂಪರ್ಕಕ್ಕೂ ವಿಳಾಸದಿಂದ ಸ್ವತಂತ್ರವಾದ ಗುರುತು ಇರುವುದರಿಂದ, ಮೊಬೈಲಿನ ವಿಳಾಸ ಬದಲಾದರೂ ಸಂಪರ್ಕವು ಮುಂದುವರಿಯಬಲ್ಲದು. ಬೇರೊಬ್ಬರು ಸಂಪರ್ಕವನ್ನು ಅಪಹರಿಸದಂತೆ, ಹೊಸ ದಾರಿಯು ನಿಜವಾದುದೇ ಎಂದು ಮೊದಲು ಪರೀಕ್ಷಿಸಲಾಗುತ್ತದೆ.

ಇವುಗಳಿಂದ ಹೊರಡುವ ತಾತ್ಪರ್ಯವೆಂದರೆ, ಎರಡು ದಾರಿಗಳಿದ್ದ ಮಾತ್ರಕ್ಕೆ ಸೇವೆ ಸುಭದ್ರವಾಗುವುದಿಲ್ಲ. ಒಂದು ದಾರಿ ಕಡಿದಿರುವುದನ್ನು ಸಕಾಲದಲ್ಲಿ ಗುರುತಿಸುವ, ಇನ್ನೊಂದರಲ್ಲಿ ಅದೇ ವ್ಯವಹಾರವನ್ನು ನಿಂತಲ್ಲಿಂದ ಮುಂದುವರಿಸುವ ಸಾಮರ್ಥ್ಯವೂ ಇರಬೇಕಾಗುತ್ತದೆ.

ನೆಲದ ಮೇಲಿನ ಎರಡನೆಯ ದಾರಿ

ಪ್ರೋಟೋಕಾಲ್ ಎಷ್ಟೇ ಸಮರ್ಥವಾಗಿದ್ದರೂ ನೆಲದ ಮೇಲೆ ಎರಡನೆಯ ದಾರಿ ಇಲ್ಲದಿದ್ದಲ್ಲಿ ಅದು ನಿರುಪಯುಕ್ತ. ಎರಡು ಕೇಬಲ್‌ಗಳು ಒಂದೇ ರಸ್ತೆಯ ಒಂದೇ ಕಾಲುವೆಯಲ್ಲಿ ಹೂತಿದ್ದರೆ, ರಸ್ತೆ ಅಗಲೀಕರಣದ ಯಂತ್ರವು ಎರಡನ್ನೂ ಒಟ್ಟಿಗೇ ತುಂಡರಿಸುತ್ತದೆ. ನಕ್ಷೆಯಲ್ಲಿ ಎರಡಾಗಿ ಕಂಡರೂ ಅದು ಒಂದೇ ದಾರಿ.

ಜಿಲ್ಲೆಯ ಬಯಲು ಭಾಗದ ರಸ್ತೆಗಳು ವರ್ತುಲ ರಚನೆಗೆ ಅನುಕೂಲಕರವಾಗಿವೆ. ಗುಂಡ್ಲುಪೇಟೆಯನ್ನು ನಂಜನಗೂಡು–ಬೇಗೂರು ಮಾರ್ಗವಾಗಿಯೂ, ಚಾಮರಾಜನಗರ–ತೆರಕಣಾಂಬಿ ಮಾರ್ಗವಾಗಿಯೂ ತಲುಪಬಹುದು. ಚಾಮರಾಜನಗರವನ್ನು ನಂಜನಗೂಡಿನ ಕಡೆಯಿಂದಲೂ, ಕೊಳ್ಳೇಗಾಲ–ಸಂತೇಮರಹಳ್ಳಿ ಕಡೆಯಿಂದಲೂ ತಲುಪಬಹುದು. ಆದರೆ ಕಾಡಂಚಿನ ಗ್ರಾಮಗಳ ಸ್ಥಿತಿ ಭಿನ್ನ. ಹಂಗಳದಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಗೆ, ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಸಾಗುವ ರಸ್ತೆಗಳು ಒಂಟಿ ಕವಲುಗಳು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹೊಸ ಕೇಬಲ್ ಅಥವಾ ಟವರಿಗೆ ಅರಣ್ಯ ಹಾಗೂ ವನ್ಯಜೀವಿ ಕಾಯಿದೆಗಳ ಅನುಮತಿ ಅಗತ್ಯವಾಗಿದ್ದು, ಅದು ಅರಣ್ಯದ ಹಿತದೃಷ್ಟಿಯಿಂದ ಸಮಂಜಸವೂ ಆಗಿದೆ. ಆದ್ದರಿಂದ ಇಂತಹ ಸ್ಥಳಗಳಲ್ಲಿ ಎರಡನೆಯ ದಾರಿಯನ್ನು ಮೈಕ್ರೋವೇವ್ ಅಥವಾ ಉಪಗ್ರಹದ ಮೂಲಕ ಒದಗಿಸುವುದೇ ಹೆಚ್ಚು ಕಾರ್ಯಸಾಧ್ಯ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕ ಕಲ್ಪಿಸುವ ಯೋಜನೆಗೆ ಕೇಂದ್ರ ಸರ್ಕಾರವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ನಂತರ ಭಾರತ್‌ನೆಟ್ ಎಂದು ಹೆಸರಾದ ಈ ಯೋಜನೆಯ ಆರಂಭದ ಹಂತಗಳಲ್ಲಿ ಬಹುತೇಕ ಕವಲು ಮಾದರಿಯನ್ನು ಅನುಸರಿಸಲಾಗಿತ್ತು. ಮಾರ್ಗಮಧ್ಯೆ ಒಂದೆಡೆ ತುಂಡಾದರೆ ಅದರಾಚೆಯ ಪಂಚಾಯಿತಿಗಳೆಲ್ಲವೂ ಸಂಪರ್ಕ ಕಳೆದುಕೊಳ್ಳುತ್ತಿದ್ದವು. 2023ರ ಆಗಸ್ಟ್‌ನಲ್ಲಿ ಅನುಮೋದನೆಗೊಂಡ ಸುಮಾರು ರೂ. 1.39 ಲಕ್ಷ ಕೋಟಿ ವೆಚ್ಚದ ಪರಿಷ್ಕೃತ ಕಾರ್ಯಕ್ರಮದಲ್ಲಿ ವರ್ತುಲ ಮಾದರಿಗೆ ಆದ್ಯತೆ ನೀಡಿರುವುದು ಮಹತ್ವದ ಬದಲಾವಣೆ. ಮೊಬೈಲ್ ಸೇವೆ ಇಲ್ಲದ 24,680 ಗ್ರಾಮಗಳಿಗೆ 4ಜಿ ಒದಗಿಸುವ ಯೋಜನೆಗೆ 2022ರ ಜುಲೈನಲ್ಲಿ ಒಪ್ಪಿಗೆ ದೊರೆಯಿತು. ಸರ್ಕಾರದ ಡಿಜಿಟಲ್ ಭಾರತ್ ನಿಧಿಯಿಂದ ನಿರ್ಮಿಸಿದ ಟವರುಗಳನ್ನು ಬೇರೆ ಬೇರೆ ಕಂಪನಿಗಳ ಗ್ರಾಹಕರೂ ಬಳಸಬಹುದಾದ ವಲಯದೊಳಗಿನ ರೋಮಿಂಗ್ ಸೌಲಭ್ಯಕ್ಕೆ 2025ರ ಜನವರಿಯಲ್ಲಿ ಚಾಲನೆ ನೀಡಲಾಯಿತು. ಕಾಡಿನಲ್ಲಿ ಟವರುಗಳ ಸಂಖ್ಯೆಯನ್ನು ಹೆಚ್ಚಿಸದೆ ಇರುವುದನ್ನೇ ಹಂಚಿಕೊಳ್ಳುವ ಈ ಕ್ರಮವು ಗಡಿ ತಾಲ್ಲೂಕುಗಳಿಗೆ ವಿಶೇಷವಾಗಿ ಪ್ರಸ್ತುತವಾಗಿದೆ.

ನಾಗರಿಕ ಸೇವೆಗಳ ಮೇಲಿನ ಪರಿಣಾಮ

ಪಡಿತರ: ಬೆರಳಚ್ಚು ನೀಡಿದ ನಂತರ ಉತ್ತರ ಬರುವ ಮೊದಲೇ ಸಂಪರ್ಕ ಕಡಿದರೆ ಎರಡು ಸಾಧ್ಯತೆಗಳಿವೆ. ಕೋರಿಕೆಯು ಕೇಂದ್ರವನ್ನು ತಲುಪದೇ ಇರಬಹುದು. ಅಥವಾ ಕೋರಿಕೆ ತಲುಪಿ, ಉತ್ತರ ಮಾತ್ರ ಹಿಂದಿರುಗದೇ ಇರಬಹುದು. ಅಂಗಡಿಯ ಯಂತ್ರಕ್ಕೆ ಇವೆರಡೂ ಒಂದೇ ರೀತಿ ಕಾಣುತ್ತವೆ. ಪ್ರತಿ ವ್ಯವಹಾರಕ್ಕೂ ಪ್ರತ್ಯೇಕ ಸಂಖ್ಯೆ ಇದ್ದು, ಮರುಪ್ರಯತ್ನದಲ್ಲೂ ಅದೇ ಸಂಖ್ಯೆಯನ್ನು ಬಳಸಿದಲ್ಲಿ ಮಾತ್ರ ಒಂದೇ ಪಡಿತರವು ಎರಡು ಬಾರಿ ಲೆಕ್ಕಕ್ಕೆ ಸೇರದಂತೆ ತಡೆಯಬಹುದು. ಕಾಡಿನೊಳಗಿನ ಪೋಡುಗಳಿಂದ ನಡೆದು ಬರುವ ಸೋಲಿಗ ಹಾಗೂ ಜೇನುಕುರುಬ ಕುಟುಂಬಗಳಿಗೆ ಒಮ್ಮೆ ವಿಫಲವಾದ ವ್ಯವಹಾರವೆಂದರೆ ಒಂದು ದಿನದ ಕೂಲಿಯ ನಷ್ಟ. ಸಂಪರ್ಕದ ಅಥವಾ ಬೆರಳಚ್ಚಿನ ತಾಂತ್ರಿಕ ತೊಂದರೆಯ ಕಾರಣಕ್ಕೆ ಅರ್ಹರಿಗೆ ಆಹಾರಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಆಹಾರ ಮತ್ತು ಸಾರ್ವಜನಿಕ ವಿತರಣಾ ಇಲಾಖೆಯು 2017ರ ಅಕ್ಟೋಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ.

ಹಣ ಪಾವತಿ: ಯುಪಿಐ ವ್ಯವಹಾರಗಳಿಗೆ ಪ್ರತ್ಯೇಕ ಸಂಖ್ಯೆ ಇರುವುದರಿಂದ ಅರ್ಧಕ್ಕೆ ನಿಂತ ಪಾವತಿಯನ್ನು ನಂತರ ತಾಳೆ ನೋಡಲು ಸಾಧ್ಯ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಖಾತೆಯಿಂದ ಕಡಿತಗೊಂಡ ಹಣವು ಸ್ವೀಕರಿಸುವವರನ್ನು ತಲುಪದಿದ್ದಲ್ಲಿ, ವ್ಯಕ್ತಿಗಳ ನಡುವಣ ವರ್ಗಾವಣೆಯಾದರೆ ವ್ಯವಹಾರದ ದಿನದ ನಂತರ 1 ದಿನದೊಳಗೆ, ವರ್ತಕರಿಗೆ ಮಾಡಿದ ಪಾವತಿಯಾದರೆ 5 ದಿನಗಳೊಳಗೆ ಹಿಂದಿರುಗಬೇಕು. ತಡವಾದಲ್ಲಿ ದಿನಕ್ಕೆ ರೂ. 100ರಂತೆ ಪರಿಹಾರ ಸಲ್ಲುತ್ತದೆ.

ತುರ್ತು ಕರೆ: 108ರಂತಹ ಕಿರುಸಂಖ್ಯೆಯ ಕರೆಯು ಯಾವ ಕೇಂದ್ರಕ್ಕೆ ಹೋಗಬೇಕೆಂಬುದು ಸಾಮಾನ್ಯವಾಗಿ ಕರೆಯನ್ನು ಸ್ವೀಕರಿಸಿದ ಜಾಲವನ್ನು ಅವಲಂಬಿಸಿರುತ್ತದೆ. ಗಡಿಯಲ್ಲಿ ನೆರೆ ರಾಜ್ಯದ ಟವರಿಗೆ ಸೇರಿದ ಮೊಬೈಲಿನಿಂದ ಮಾಡಿದ ಕರೆಯು ಆ ರಾಜ್ಯದ ಕೇಂದ್ರವನ್ನು ತಲುಪುವ ಸಾಧ್ಯತೆ ಇರುತ್ತದೆ. ಬಂಡೀಪುರದ ಮೂಲಕ ಹಾದುಹೋಗುವ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದ್ದು, ಆಂಬುಲೆನ್ಸ್‌ಗಳಿಗೆ ವಿನಾಯಿತಿ ಇದೆ. ರಾತ್ರಿ ವೇಳೆ ಬೇರೆ ವಾಹನದ ನೆರವು ದುರ್ಲಭವಾದ ಇಂತಹ ಕಡೆ ಆ ಒಂದು ಕರೆಯ ಮಹತ್ವವನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಸಾರ್ವಜನಿಕರ ಗಮನಕ್ಕೆ

1. ಗಡಿ ಪ್ರದೇಶದಿಂದ ತುರ್ತು ಕರೆ ಮಾಡುವವರು ಮೊದಲು ರಾಜ್ಯ, ಜಿಲ್ಲೆ ಮತ್ತು ಗ್ರಾಮದ ಹೆಸರನ್ನೂ, ಹೆದ್ದಾರಿಯಲ್ಲಿದ್ದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ತಿಳಿಸುವುದು ಸೂಕ್ತ.

2. ಮೊಬೈಲ್ ನೆರೆ ರಾಜ್ಯದ ಜಾಲಕ್ಕೆ ಅಂಟಿಕೊಂಡಿದ್ದಲ್ಲಿ, ಫ್ಲೈಟ್ ಮೋಡ್‌ಗೆ ಹಾಕಿ ಕೆಲವು ಕ್ಷಣಗಳ ನಂತರ ತೆಗೆದರೆ ಅದು ಹೊಸದಾಗಿ ಜಾಲವನ್ನು ಹುಡುಕುತ್ತದೆ.

3. ಪಾವತಿಯು ಬಾಕಿ ಇದೆ ಎಂದು ತೋರಿಸುತ್ತಿದ್ದಲ್ಲಿ ಕೂಡಲೇ ಮತ್ತೊಮ್ಮೆ ಪಾವತಿಸದೆ, ವ್ಯವಹಾರದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಸ್ಥಿತಿಯನ್ನು ಪರಿಶೀಲಿಸಬೇಕು. ಬ್ಯಾಂಕಿಗೆ ನೀಡಿದ ದೂರಿಗೆ 30 ದಿನಗಳೊಳಗೆ ಪರಿಹಾರ ದೊರೆಯದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು.

4. ಸಂಪರ್ಕದ ತೊಂದರೆಯ ಕಾರಣ ನೀಡಿ ಪಡಿತರ ನಿರಾಕರಿಸಿದಲ್ಲಿ 1967 ಸಹಾಯವಾಣಿಗೆ ಅಥವಾ ತಾಲ್ಲೂಕಿನ ಆಹಾರ ಶಾಖೆಗೆ ತಿಳಿಸಬಹುದು.

ಉಪಸಂಹಾರ

ಗಡಿ ಮತ್ತು ಅರಣ್ಯ ಪ್ರದೇಶದ ಸಂಪರ್ಕ ಸಮಸ್ಯೆಯನ್ನು ಟವರುಗಳ ಸಂಖ್ಯೆಯಿಂದ ಮಾತ್ರ ಅಳೆಯುವುದು ಸಮರ್ಪಕವಾಗುವುದಿಲ್ಲ. ಪ್ರತಿಯೊಂದು ನಾಗರಿಕ ಸೇವೆಗೂ ಮೂರು ಪ್ರಶ್ನೆಗಳನ್ನು ಅನ್ವಯಿಸಬೇಕಾಗಿದೆ. ಅದಕ್ಕೆ ಒದಗಿಸಿರುವ ಎರಡು ದಾರಿಗಳು ನೆಲದ ಮೇಲೆಯೂ ಎರಡೇ? ಒಂದು ದಾರಿ ಕಡಿದಿರುವುದನ್ನು ಯಂತ್ರದ ಕಾಲಮಿತಿ ಮುಗಿಯುವ ಮೊದಲೇ ಜಾಲವು ಗುರುತಿಸಬಲ್ಲದೇ? ದಾರಿ ಬದಲಾದ ನಂತರವೂ ವ್ಯವಹಾರವು ತನ್ನ ಗುರುತನ್ನು ಉಳಿಸಿಕೊಂಡು ನಿಂತಲ್ಲಿಂದ ಮುಂದುವರಿಯುವುದೇ? ಈ ಮೂರಕ್ಕೂ "ಹೌದು" ಎಂಬ ಉತ್ತರ ದೊರೆತಾಗ ಮಾತ್ರ, ಬಂಡೀಪುರದ ಅಂಚಿನ ಗ್ರಾಮದಲ್ಲಿ ಬೆರಳೊತ್ತಿ ಕಾಯುವವರಿಗೂ ಬೆಂಗಳೂರಿನಲ್ಲಿ ಅದೇ ಸೇವೆ ಪಡೆಯುವವರಿಗೂ ನಡುವಣ ಅಂತರ ಕಡಿಮೆಯಾಗುತ್ತದೆ.